ಮಾಸ್ತಮ್ಮನ ಹೆಸರಿನ ಲೈಸೆನ್ಸು

ನನ್ನ ಹೆಂಡತಿ ಮಾಸ್ತಮ್ಮನಿಗೆ ಹಟ ಜಾಸ್ತಿ. ಆ ಹಟಕ್ಕೆ ಈಗ ದಿನಾ ಕೈ ಮುಗಿಯುತ್ತೇನೆ. ಆಗ ಗೊಣಗುತ್ತಿದ್ದೆ.

ವಾರಾಹಿ ವಿದ್ಯುತ್ ಯೋಜನೆಯ ಕೆಲಸ ನಡೆಯುತ್ತಿದ್ದ ಕಾಲ. ಮಾಸ್ತಿಕಟ್ಟೆಯ ಒಂದು ವರ್ಕ್‌ಶಾಪಿನಲ್ಲಿ ನಾನು ಹಂಗಾಮಿ ಮೆಕ್ಯಾನಿಕ್. ಇವತ್ತು ಪರ್ಮನೆಂಟ್ ಆಗುತ್ತೆ, ನಾಳೆ ಆಗುತ್ತೆ ಅಂತ ಕಾಯುವುದೇ ದೊಡ್ಡ ಕೆಲಸವಾಗಿತ್ತು. ಶನಿವಾರ ಹೊಸನಗರದ ಮನೆಗೆ ಬಂದರೆ, ಭಾನುವಾರವೆಲ್ಲ ಅಡಿಕೆಗೆ ಔಷಧಿ ಹೊಡೆಯುವ ಪಂಪುಗಳ ರಿಪೇರಿ. ಮಾಸ್ತಮ್ಮ ಪಕ್ಕದಲ್ಲೇ ಕೂತು ವಾಷರ್ ಕತ್ತರಿಸಿ ಕೊಡುತ್ತಿದ್ದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಮುಕುಂದಯ್ಯನವರ ಬಾಡಿಗೆ ಕೋಣೆಯೊಂದು ಖಾಲಿಯಾಯಿತು. ಪಂಪ್ ರಿಪೇರಿ ಅಂಗಡಿಗೆ ಹೇಳಿ ಮಾಡಿಸಿದ ಜಾಗ.

"ಜಯಪ್ಪ, ಯುಗಾದಿ ಒಳಗೆ ಪಂಚಾಯ್ತಿ ಲೈಸೆನ್ಸ್ ಮಾಡ್ಸ್ಕಂಡು ಬಾ, ಕೋಣೆ ನಿಂದೇ. ಇಲ್ದಿದ್ರೆ ಹೋಟ್ಲಿನವ್ರು ಕೇಳ್ತಾ ಇದಾರೆ" ಎಂದರು.

ನನ್ನ ಹೆಸರಲ್ಲಿ ಅಂಗಡಿ ಇದೆಯೆಂದು ಮೇಲಿನವರಿಗೆ ಗೊತ್ತಾದರೆ ಪರ್ಮನೆಂಟ್ ಆಸೆಗೆ ಎಳ್ಳುನೀರು!

"ಆರ್ಡರ್ ಬರ್ಲಿ, ಆಮೇಲೆ ನೋಡನ" ಎಂದೆ.

"ವರ್ಷಾನುಗಟ್ಲೆ ಇದೇ ಪುರಾಣ ಆಯ್ತು. ಕೋಣೆ ಕಾಯ್ತದಾ?" ಎಂದಳು ಮಾಸ್ತಮ್ಮ.

ನಮ್ಮಲ್ಲಿ ಇಂಥ ತಕರಾರು ಬಗೆಹರಿಯದಿದ್ದರೆ ಗುಡಿಗೆ ಹೋಗಿ ಚೌಡಮ್ಮನ ಹತ್ತಿರ ಹೂ ಕೇಳುವುದು. ಮೂರ್ತಿಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. "ಕೆಲ್ಸ ಬಿಡ್ಲಾ ತಾಯೀ?" ಅಂತ ಕೇಳಿದೆ. ಎಡಕ್ಕೆ ಬಿತ್ತು. ಅಬ್ಬ, ಬಚಾವಾದೆ ಎಂದು ಹೊರಟರೆ ಇವಳು ಅಲ್ಲೇ ನಿಂತಿದ್ದಾಳೆ!

"ಧರ್ಮಪ್ಪಣ್ಣ, ಇನ್ನೊಂದು ಹೂ ಇಡಿ" ಎಂದು ಪೂಜಾರಿಗೆ ಹೇಳಿ ಕೈ ಮುಗಿದಳು. "ನನ್ನ ಹೆಸ್ರಲ್ಲಿ ಅಂಗ್ಡಿ ತೆಗೀಲಾ ತಾಯೀ?"

ಹೂ ಬಲಕ್ಕೆ ಬಿತ್ತು.

"ಹೆಂಗಸು ಪಂಪ್ ರಿಪೇರಿ ಮಾಡದಾ? ಊರವ್ರು ನಗ್ತಾರೆ!" ಎಂದು ದಾರಿಯುದ್ದಕ್ಕೂ ಹಾರಾಡಿದೆ.

"ನಕ್ಕವ್ರ ಪಂಪೂ ಕೆಡ್ತದಲ್ಲ, ಆಗ ಬರ್ತಾರೆ ಬಿಡಿ."

ಸೋಮವಾರ ನಾನು ಮಾಸ್ತಿಕಟ್ಟೆ ಬಸ್ಸು ಹತ್ತಿದ ಮೇಲೆ ಅವಳು ಪಂಚಾಯ್ತಿಗೆ ಹೋಗಿ ತನ್ನ ಹೆಸರಲ್ಲೇ ಲೈಸೆನ್ಸು ಮಾಡಿಸಿದಳು. ಮಳೆ ಹಿಡಿಯುವ ಮುಂಚೆ ಅಂಗಡಿ ತುಂಬ ಪಂಪುಗಳು. ಸಣ್ಣಪುಟ್ಟದ್ದನ್ನು ಅವಳೇ ಮಾಡುತ್ತಿದ್ದಳು; ಕಷ್ಟದ್ದು ಭಾನುವಾರಕ್ಕೆ ನನಗೆ ಉಳಿಯುತ್ತಿತ್ತು.

ದೀಪಾವಳಿ ಹೊತ್ತಿಗೆ ವರ್ಕ್‌ಶಾಪಿನಲ್ಲಿ ಪರ್ಮನೆಂಟ್ ಆದವರ ಹೆಸರು ಓದಿದರು. ನನ್ನದಿರಲಿಲ್ಲ. ಉಳಿದವರಿಗೆ ನಾಳೆಯಿಂದ ಬರುವುದು ಬೇಡ ಎಂದುಬಿಟ್ಟರು. ಟ್ರಂಕು ಹೊತ್ತು, ವಾರದ ನಡುವೆ ಬಂದು ಅಂಗಡಿ ಮುಂದೆ ನಿಂತೆ.

ಮಾಸ್ತಮ್ಮ ಟ್ರಂಕು ನೋಡಿದಳು. 'ನಾನು ಅವತ್ತೇ ಹೇಳಿದ್ದೆ' ಅಂತ ಚುಚ್ಚಲಿಲ್ಲ, ಪುಣ್ಯಾತ್ಗಿತ್ತಿ. ಸ್ಟೂಲು ಒರೆಸಿ ಮುಂದಿಟ್ಟಳು.

"ಕೂತ್ಕಳಿ. ನಾಳೆ ಹೋಗಿ ಲೈಸೆನ್ಸು ನಿಮ್ಮ ಹೆಸ್ರಿಗೆ ಮಾಡ್ಸನ. ಅಂಗ್ಡಿ ನಿಮ್ದೇ ಅಲ್ವಾ?"

ಗಿರಾಕಿಗಳ ಎದುರಿಗೇ ಅತ್ತುಬಿಟ್ಟೆ.

"ಬ್ಯಾಡ ಮಾರಾಯ್ತಿ. ನಿನ್ನ ಹೆಸ್ರೇ ಇರ್ಲಿ. ನಂಗೊಂದು ಕೆಲ್ಸ ಕೊಡು, ಸಾಕು."

"ಪರ್ಮನೆಂಟಾ, ಹಂಗಾಮಿನಾ?" ಎಂದು ಕೇಳಿದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ.