ಕತ್ತರಿ ಮುಟ್ಟುವ ಮುನ್ನ

ಆ ಅಂಗಡಿಯಲ್ಲಿ ಪ್ರಾರ್ಥನೆಯಾಗದೆ ಬಟ್ಟೆಗೆ ಕತ್ತರಿ ಬೀಳುತ್ತಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ದಿನಾ ಬೆಳಿಗ್ಗೆ ದರ್ಜಿ ಮೇಜಿನ ಮುಂದೆ ಕಣ್ಣು ಮುಚ್ಚಿ ನಿಂತು ಪ್ರಾರ್ಥನೆ ಮಾಡಿ, ಕೊನೆಗೆ ಆಮೆನ್ ಎಂದು ಕತ್ತರಿಯಿಂದ ಮೇಜನ್ನು ಒಮ್ಮೆ ಕುಟ್ಟುತ್ತಿದ್ದ. ಅಲ್ಲಿಗೆ ಕೆಲಸ ಶುರು. ಹೆಂಡತಿ ಪಕ್ಕದಲ್ಲಿ ತಲೆ ಬಾಗಿಸಿ ನಿಂತಿರುತ್ತಿದ್ದಳು. ಹಾಗೆ ಮೂವತ್ತೊಂದು ವರ್ಷ ನಿಂತಳು, ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ. ಬೇರೆ ಹೊತ್ತಿನಲ್ಲಿ ಅವಳ ಬಾಯಿಗೆ ಬೀಗವಿರಲಿಲ್ಲ, ಬೇಕಾದರೆ ಗಿರಾಕಿಗಳನ್ನು ಕೇಳಿ. ದೇವರ ಹತ್ತಿರ ಮಾತಾಡುವುದು ಮಾತ್ರ ಗಂಡನ ಕೆಲಸವೆಂದು ಬಿಟ್ಟುಕೊಟ್ಟಿದ್ದಳು.

ಎರಡು ತಿಂಗಳ ಹಿಂದೆ ದರ್ಜಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಆಸ್ಪತ್ರೆಯಿಂದ ಬಂದವನು ಮೇಜಿನ ತುದಿಗೆ ಹಾಕಿದ ಕುರ್ಚಿಯಲ್ಲಿ ಗೋಡೆಯ ಕಡೆ ಮುಖ ತಿರುಗಿಸಿ ಕೂತುಬಿಟ್ಟ. ಹೆಂಡತಿ ಗುಂಡಿ ಹಾಕುತ್ತ, ಅಂಚು ಹೊಲಿಯುತ್ತ ದಿನ ತಳ್ಳಿದಳು. ಬಟ್ಟೆ ಕತ್ತರಿಸಲು ಅವಳಿಗೂ ಬರುತ್ತಿತ್ತು. ಬಾರದಿದ್ದದ್ದು ಪ್ರಾರ್ಥನೆ. ಪಾದ್ರಿ ಒಮ್ಮೆ ಬಂದು ಪ್ರಾರ್ಥಿಸಿ ಹೋದರು, ಪಾಪ, ದಿನಾ ಬರಲು ಅವರಿಗಾದರೂ ಆಗುತ್ತದೆಯೇ? ಇಷ್ಟು ವರ್ಷ ಮಾತಾಡದವಳ ಗುರುತು ದೇವರಿಗೆ ಎಲ್ಲಿರುತ್ತದೆ ಎಂದು ಅವಳಿಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಆ ಸೋಮವಾರ ಮೇಜಿನ ಮೇಲೆ ಬಿಳಿ ಸ್ಯಾಟಿನ್ ಹಾಸಿತ್ತು. ಶನಿವಾರ ಮದುವೆಯಾಗುವ ನರ್ಸ್ ಹುಡುಗಿಯ ಗೌನು. ಸೀಮೆಸುಣ್ಣದ ಗೆರೆ ಎಳೆದಾಗಿತ್ತು, ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಅವಳು ಕಣ್ಣು ಮುಚ್ಚಿ, ಕೇಳಿ ಕೇಳಿ ಬಾಯಿಪಾಠವಾಗಿದ್ದ ಗಂಡನ ಪ್ರಾರ್ಥನೆಯನ್ನೇ ಹಿಡಿದಳು.

"ಕರುಣೆಯುಳ್ಳ ತಂದೆಯೇ, ಈ ಹೊಸ ದಿನಕ್ಕಾಗಿ ನಿನಗೆ ಸ್ತೋತ್ರ. ನನ್ನ ಕೈಗಳನ್ನು ಸ್ಥಿರಪಡಿಸು. ನನ್ನ ಹೆಂಡತಿಯ ಮಂಡಿನೋವನ್ನು ವಾಸಿಮಾಡು, ಅವಳ ಕೋಪವನ್ನು ತಗ್ಗಿಸು, ಅವಳ ನಾಲಿಗೆಯನ್ನು ನೀನೇ ಕಾಯು..."

ಅಲ್ಲಿಗೆ ನಿಂತಳು. ದಿನಾ ಕಿವಿಗೆ ಬಿದ್ದ ಮಾತೇ, ತಲೆಗೆ ಹೋಗಿದ್ದು ಈಗ. ಕುರ್ಚಿ ಕಿರುಗುಟ್ಟಿತು. ಕಣ್ಣು ಬಿಟ್ಟು ನೋಡಿದರೆ ದರ್ಜಿ ಗೋಡೆ ಬಿಟ್ಟು ಅವಳ ಕಡೆ ತಿರುಗಿದ್ದ. ಅರ್ಧ ಬಾಯಲ್ಲೇ ನಗುತ್ತಿದ್ದ, ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು. ಎರಡು ತಿಂಗಳಲ್ಲಿ ಅವನು ನಕ್ಕಿದ್ದು ಅದೇ ಮೊದಲು.

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಮತ್ತೆ ಕಣ್ಣು ಮುಚ್ಚಿದಳು.

"ನೋಡು ದೇವ್ರೇ, ಇವ್ರು ಇಷ್ಟು ವರ್ಷ ನನ್ನನ್ನ ಪಕ್ಕದಲ್ಲೇ ನಿಲ್ಲಿಸ್ಕೊಂಡು ನನ್ನ ಮೇಲೆ ಚಾಡಿ ಹೇಳಿದ್ದಾರೆ. ನಿಂಗೆ ನನ್ನ ಗುರುತೇ ಇಲ್ಲ ಅಂದ್ಕೊಂಡಿದ್ದೆ. ನನ್ನ ಮಂಡಿ ವಿಷ್ಯಾನೂ ನಿಂಗೆ ಗೊತ್ತು. ಈಗ ಸ್ವಲ್ಪ ನನ್ನ ಮಾತೂ ಕೇಳು."

ಆಮೇಲೆ ತಡೆಯಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಎಷ್ಟು ಹೆದರಿದ್ದಳೆಂದು ಹೇಳಿದಳು. ಸ್ಯಾಟಿನ್ ಎಷ್ಟು ಜಾರುತ್ತದೆಂದು ದೂರಿದಳು. ಮಾತಿಲ್ಲದ ಮನೆಯಲ್ಲಿ ತನಗೆ ಹೊತ್ತೇ ಹೋಗುವುದಿಲ್ಲ, ಈ ಮನುಷ್ಯನ ಒಂದು ಬೈಗುಳವಾದರೂ ಸಾಕು ಎಂದು ಬಾಯಿ ಬಿಟ್ಟು ಕೇಳಿಕೊಂಡಳು. ಹೊರಗೆ ಗಿರಾಕಿಯೊಬ್ಬಳು ಬಾಗಿಲಲ್ಲಿ ಇಣುಕಿ, ನೋಡಿ, ಮೆಲ್ಲಗೆ ಹಿಂದಕ್ಕೆ ಸರಿದಳು.

ಟಕ್ ಎಂದಿತು. ದರ್ಜಿ ಎಡಗೈಯಲ್ಲಿ ಹೇಗೋ ಕತ್ತರಿಯನ್ನೆತ್ತಿ ಮೇಜನ್ನು ಕುಟ್ಟಿದ್ದ.

"ಇರ್ರೀ," ಅಂದಳು ಅವಳು ಕಣ್ಣು ತೆರೆಯದೆ. "ನಾನಿನ್ನೂ ಆಮೆನ್ ಅಂದಿಲ್ಲ."