ಅಪಘಾತವಿಲ್ಲದ ದಿನಗಳು

ಶಹಾಪುರದ ಹತ್ತಿರ ಕಾಲುವೆ ಕೆಲಸ ನಡೆಯುತ್ತಿದ್ದಲ್ಲಿ ಗುತ್ತಿಗೆದಾರ ಭಗವಂತರಾಯ ಒಂದು ಕರಿಹಲಗೆ ನಿಲ್ಲಿಸಿದ್ದ. ‘ಅಪಘಾತವಿಲ್ಲದ ದಿನಗಳು’ ಎಂದು ಮೇಲೆ ಬರೆಸಿದ್ದ. ದಿನಾ ಬೆಳಿಗ್ಗೆ ಅದರಡಿಯ ಅಂಕಿಯನ್ನು ಒಂದೊಂದು ಹೆಚ್ಚಿಸಿ ಬರೆಯುವುದು ಅಂಬ್ರಪ್ಪನ ಕೆಲಸ. ಎರಡು ತಿಂಗಳ ಹಿಂದೆ ಕಾಲುವೆಯ ದಂಡೆ ಕುಸಿದು ಅವನ ಎಡಗಾಲು ಮುರಿದಾಗ, ಭಗವಂತರಾಯ ಆ ದಿನದ ಹಾಜರಿಯಿಂದ ಅವನ ಹೆಸರು ಹೊಡೆದುಹಾಕಿದ್ದ. ಆಮೇಲೆ ಬಾಯಿ ಮುಚ್ಚಿಸಲು ಈ ಸೀಮೆಸುಣ್ಣ ಕೊಟ್ಟಿದ್ದ. ಅಂಕಿ ಮಾತ್ರ ಒಂದು ದಿನವೂ ನಿಂತಿರಲಿಲ್ಲ. ಇವತ್ತಿಗೆ ಇನ್ನೂರ ಹನ್ನೆರಡು.

ಸುರಕ್ಷತೆಗೆ ಮಾರ್ಕ್ಸ್ ಹಾಕಲು ಯಾದಗಿರಿಯಿಂದ ಬಂದ ಸಾಹೇಬರು ಜೀಪಿನ ನೆರಳು ಬಿಟ್ಟು ಕದಲಲಿಲ್ಲ. ದಂಡೆಯ ಕಡೆ ತಿರುಗಿಯೂ ನೋಡದೆ, ಬಾಯಲ್ಲಿ ಮಿರ್ಚಿ ಭಜಿ ಇಟ್ಟುಕೊಂಡೇ ಹಲಗೆಗೆ ತಲೆದೂಗಿದರು. ಆಮೇಲೆ ಅಂಬ್ರಪ್ಪನ ಊರುಗೋಲು ಕಣ್ಣಿಗೆ ಬಿತ್ತು.

“ಇವಗೇನಾಗ್ಯದ?”

“ಹುಟ್ಟಿನಿಂದ ಕುಂಟ ಅದಾನ್ರಿ. ಪಾಪ ಅಂತ ಕೆಲಸಕ್ಕ ಇಟ್ಕೊಂಡೀನಿ,” ಎಂದ ಭಗವಂತರಾಯ, ನಾಚಿಕೆಗೆಟ್ಟು.

“ಭೇಷ್! ಇದಕ್ಕ ಇನ್ನೂ ಹತ್ತು ಮಾರ್ಕ್ಸ್,” ಎಂದು ಸಾಹೇಬರು ಗೀಚಿದರು.

ಉಗುಳಿದರೆ ಉಗುಳಿಗೇ ಅವಮಾನ ಅನ್ನಿಸಿತು ಅಂಬ್ರಪ್ಪನಿಗೆ. ಧೋತರ ಮೇಲಕ್ಕೆತ್ತಿ ಬಲಗಾಲು ಮುಂದೆ ಚಾಚಿದ.

“ಇದೊಂದು ಕಾಲು ಇನ್ನೂ ನೆಟ್ಟಗದರಿ ಸಾಹೇಬ್ರ. ಇದನ್ನೂ ಮುರಿದ್ರ ಇವ್ರಿಗೆ ಎಷ್ಟು ಮಾರ್ಕ್ಸ್ ಹಾಕ್ತೀರಿ?”