ಕಲ್ಲುಮೇಜಿನ ಮೇಲೆ ಗೆಣ್ಣಿನ ಸದ್ದು

೧
ಈ ಕಥೆಯನ್ನು ಕಿವಿಯಿಂದ ಶುರು ಮಾಡಬೇಕೋ, ಮೇಜಿನಿಂದಲೋ? ಕಿವಿಯಿಂದ ಶುರುವಾದ ಮೂರು ಹಾಳೆ ಕಸದ ಬುಟ್ಟಿಯಲ್ಲಿವೆ. ಮೂರರಲ್ಲೂ ಮುದುಕನ ಮೇಲೆ ಕನಿಕರ ಸುರಿದಿದ್ದೆ. ಅವನು ಓದಿದರೆ ನನ್ನ ಹಲ್ಲು ಉದುರಿಸುತ್ತಾನೆ. ಆದ್ದರಿಂದ ಮೇಜು.

೨
ನಮ್ಮ ದ್ವೀಪದ ಬಂದರಿನಲ್ಲಿ ಇರುವುದು ಒಂದೇ ವೈನಂಗಡಿ. ಮಧ್ಯಾಹ್ನ ಊಟವಾದ ಮೇಲೆ ಅಲ್ಲಿ ನಾಲ್ವರು ತ್ರೆಶೆತಾ ಎಂಬ ಇಸ್ಪೀಟಾಟಕ್ಕೆ ಕೂರುತ್ತಾರೆ. ಎದುರುಬದುರು ಕೂತವರು ಜೊತೆಗಾರರು. ಮಾತಾಡುವಂತಿಲ್ಲ. ಜೊತೆಗಾರನನ್ನಾಗಲಿ ಅವನ ಕೈಯನ್ನಾಗಲಿ ಕತ್ತೆತ್ತಿ ನೋಡುವಂತಿಲ್ಲ, ನೋಡಿದವನು ಮೋಸಗಾರ. ಎಲೆ ಇಳಿಸುವಾಗ ಬೆರಳ ಗೆಣ್ಣಿನಿಂದ ಮೇಜನ್ನು ಒಮ್ಮೆ ಕುಟ್ಟಬಹುದು, ಅಷ್ಟೇ. ಕುಟ್ಟಿದರೆ, ‘ಇದೇ ಜಾತಿಯ ನಿನ್ನ ದೊಡ್ಡ ಎಲೆ ಹಾಕು’ ಎಂದರ್ಥ.

ಫಾಬ್ಯಾನ್‌ಗೆ ಎಪ್ಪತ್ತೊಂಬತ್ತು. ನಲವತ್ತು ವರ್ಷದಿಂದ ವಿಟ್ಸ್ಕೊ ಅವನ ಜೊತೆಗಾರ. ಎಲೆ ಹಿಡಿದ ಎಡಗೈಯನ್ನು ಮೇಜಿಗೆ ಊರಿಯೇ ಫಾಬ್ಯಾನ್ ಆಡುವುದು. ಕಳೆದ ತಿಂಗಳು ಅಂಗಡಿಯವನು ಹುಳು ತಿಂದ ಮರದ ಮೇಜನ್ನು ಎಸೆದು ಕಲ್ಲಿನದು ತಂದಿಟ್ಟ. ಅಂದಿನಿಂದ ಇವರಿಬ್ಬರೂ ಸೋಲುತ್ತಿದ್ದಾರೆ.

(ನೀವು ಊಹಿಸಿಬಿಟ್ಟಿರಿ. ಇರಲಿ, ಫಾಬ್ಯಾನ್ ಇನ್ನೂ ಊಹಿಸಿಲ್ಲ.)

೩
“ವಿಟ್ಸ್ಕೊ ಕುಟ್ಟೋದೇ ಬಿಟ್ಟಿದಾನೆ ಕಣೇ,” ಎಂದು ಫಾಬ್ಯಾನ್ ಹೆಂಡತಿ ಲುಕ್ರೆಗೆ ಹೇಳಿದ. “ಆ ಕಡೆಯವ್ರ ಜೊತೆ ಶಾಮೀಲಾಗಿದಾನೆ. ನಾನು ಒಳಗೆ ಕಾಲಿಟ್ರೆ ಮೂರೂ ಜನ ಪಿಸುಗುಟ್ತಾರೆ.”

“ಪಿಸುಗುಟ್ಟಲ್ಲ, ಮಾತಾಡ್ತಾರೆ. ನಿನ್ನ ಕಿವಿ...”

“ನನ್ನ ಕಿವೀಗೇನು ಧಾಡಿ?”

“ಕಿವಿ ಯಂತ್ರ ಡ್ರಾಯರಲ್ಲಿ ಕಾಲುಚೀಲದ ಕೆಳಗೆ ಬಿದ್ದಿದೆ ನೋಡು, ಅದನ್ನ ಕೇಳು.”

ಈ ಮಾತು ಅವನಿಗೆ ಕೇಳಿಸಲಿಲ್ಲ. (ಹಾಗಂತ ನಾನು ಬರೆದೆ. ನನಗೆ ಅವನ ಮೇಲೂ ಅನುಮಾನವಿದೆ.)

ಲುಕ್ರೆ ಸೊಪ್ಪು ಸೋಸುತ್ತ ನನಗೊಂದು ಮಾತು ಹೇಳಿದಳು: “ಕೂಗಿ ಹೇಳೋಕಾಗದ್ದನ್ನೆಲ್ಲ ಹೇಳೋದೇ ಬಿಟ್ಟೆ ಕಣಪ್ಪ.” ಅದನ್ನು ಬರೆಯಬೇಡ ಎಂದೂ ಹೇಳಿದಳು.

೪
ಬುಧವಾರ ಫಾಬ್ಯಾನ್ ಎಲೆಗಳನ್ನು ಎಸೆದು ಎದ್ದ. ಪಕ್ಕದ ಮೇಜಿನಲ್ಲಿ ನಾನಿದ್ದೆ.

“ಮಾರ್ಕೊಂಡ್ಯಲ್ಲೋ ನನ್ನ! ನಾಳೆಯಿಂದ ನಾನು ಬರಲ್ಲ.”

“ಕುಟ್ಟಿದೆ ಮಾರಾಯಾ! ನೋಡಿಲ್ಲಿ!” ವಿಟ್ಸ್ಕೊ ಬಲಗೈ ಎತ್ತಿ ಹಿಡಿದ. ಗೆಣ್ಣು ಸುಲಿದು ರಕ್ತ ಜಿನುಗುತ್ತಿತ್ತು. ಫಾಬ್ಯಾನ್ ಆಗಲೇ ಬೆನ್ನು ತಿರುಗಿಸಿದ್ದ.

೫
ಅಂತ್ಯಗಳು. ಒಂದು: ಅವನು ಯಂತ್ರ ಹಾಕಿಕೊಂಡ, ಎಲ್ಲರೂ ನಕ್ಕರು. (ಜಾಹೀರಾತು. ಹರಿದೆ.) ಎರಡು: ಅವನು ಸತ್ತ. (ಮುದುಕರನ್ನು ಕೊಲ್ಲುವುದು ಲೇಖಕರ ಸೋಮಾರಿತನ.) ಮೂರನೆಯದು ಬರೆಯುವಷ್ಟರಲ್ಲಿ ಫಾಬ್ಯಾನನೇ ನನ್ನ ಕೋಣೆಯ ಬಾಗಿಲು ತಳ್ಳಿಕೊಂಡು ಬಂದ.

“ನನ್ನ ಬಗ್ಗೆ ಏನೋ ಗೀಚ್ತಿದೀಯಂತೆ. ತೋರ್ಸು.”

“ಕೂತ್ಕೊಳ್ಳಿ, ಬಾರ್ಬಾ.” ಹಿರಿಯರನ್ನು ನಾವು ಕರೆಯುವುದೇ ಹಾಗೆ.

“ಏನ್ ಗೊಣಗ್ತೀಯ? ನೀನೂ ಅವ್ರ ಕಡೇನಾ?”

ಎದುರು ಕೂತ. ಎಡ ಅಂಗೈಯನ್ನು ನನ್ನ ಮೇಜಿನ ಮೇಲೆ ಊರಿ, ಕತ್ತು ಬಗ್ಗಿಸಿ, ಹಾಳೆ ಓದತೊಡಗಿದ. ನನ್ನದು ಹಳೆಯ ಅಕ್ರೋಟ ಮರದ ಮೇಜು. ಅದರ ಅಂಚನ್ನು ಗೆಣ್ಣಿನಿಂದ ಮೆಲ್ಲಗೆ ಒಮ್ಮೆ ಕುಟ್ಟಿದೆ.

ಅವನ ಬಲಗೈ ತಾನಾಗಿ ಎದೆಯ ಹತ್ತಿರ ಹೋಯಿತು, ದೊಡ್ಡ ಎಲೆ ಹುಡುಕಿತು. ಎಲೆ ಇರಲಿಲ್ಲ. ಮರದ ಅದುರು ಅಂಟಿದೆಯೇನೋ ಎಂಬಂತೆ ಅವನು ಎಡ ಅಂಗೈಯನ್ನು ತಿರುಗಿಸಿ ನೋಡಿದ.

“ಇನ್ನೊಂದ್ಸಲ ಕುಟ್ಟು,” ಎಂದು ಆ ಕೈಯನ್ನು ಮೇಜಿನಿಂದ ಎತ್ತಿ ಹಿಡಿದು ಕಣ್ಣು ಮುಚ್ಚಿದ.

ಜೋರಾಗಿ ಕುಟ್ಟಿದೆ. ಅವನು ಕಾಯುತ್ತಲೇ ಇದ್ದ.

“ಕುಟ್ಟೋ ಅಂದ್ರೆ!”

ಅವನು ಕಣ್ಣು ಬಿಟ್ಟಾಗ ನನ್ನ ಗೆಣ್ಣು ತೋರಿಸಿದೆ. ಅದು ಕೆಂಪಾಗಿತ್ತು. ಅವನು ನನ್ನ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದ.

“ಪಾಪಿ, ತಿಂಗಳಿಡೀ ಕುಟ್ಟಿದಾನೆ,” ಎಂದ. ಟೋಪಿ ತೆಗೆದುಕೊಂಡು ಮೆಟ್ಟಿಲಿಳಿದ.

೬
ಕೆಳಗೆ ದಾರಿ ಕವಲಾಗುತ್ತದೆ. ಎಡಕ್ಕೆ ಮನೆ, ಲುಕ್ರೆ, ಕಾಲುಚೀಲದ ಡ್ರಾಯರು. ಬಲಕ್ಕೆ ಕಲ್ಲುಮೇಜು, ಮೂವರು ಎಲೆ ಹಂಚಿ ನಾಲ್ಕನೆಯವನಿಗೆ ಕಾಯುತ್ತಿದ್ದಾರೆ. ನನ್ನ ಕಿಟಕಿಯಿಂದ ಎರಡೂ ಕಾಣುತ್ತವೆ. ಆದರೆ ನಾನು ಕತ್ತೆತ್ತುವುದಿಲ್ಲ. ಈಗಷ್ಟೇ ಅವನಿಗಾಗಿ ಮೇಜು ಕುಟ್ಟಿದ್ದೇನೆ. ಇನ್ನು ಜೊತೆಗಾರನನ್ನು ನೋಡಿದರೆ ಮೋಸವಾಗುತ್ತದೆ.